ತುದಿಯಿಲ್ಲದ ಆಂಟೆನಾ

1940ರ ದಶಕದ ಆರಂಭದಲ್ಲಿ, ದಕ್ಷಿಣ ಅಮೆರಿಕದ ಕ್ವಿಟೊ ನಗರದ ಒಂದು ಬಡಾವಣೆಯವರಿಗೆ ರೇಡಿಯೊ ಕೇಳಲು ರೇಡಿಯೊ ಪೆಟ್ಟಿಗೆಯೇ ಬೇಕಿರಲಿಲ್ಲ. ರಾತ್ರಿ ಹೊತ್ತು ಪ್ರಸಾರ ಕೇಂದ್ರದ ಆಂಟೆನಾ ತಾನೇ ಹಾಡುತ್ತಿತ್ತು, ತಾನೇ ಪ್ರವಚನ ಕೊಡುತ್ತಿತ್ತು. ಕಂಬದ ಮೇಲಿದ್ದ ಅಲ್ಯೂಮಿನಿಯಂ ಕೊಳವೆಗಳ ತುದಿಯಲ್ಲಿ ಉರಿ ಎದ್ದು ಚಟಪಟ ಎನ್ನುತ್ತಿತ್ತು. ಆ ಸದ್ದಿನೊಳಗೇ ಸಂಗೀತ, ಅದರೊಳಗೇ ಮಾತು. ನಾನೂರು ಮೀಟರ್ ಆಚೆ ನಿಂತವರಿಗೂ ಅದು ಕಾಣುತ್ತಿತ್ತು, ಕೇಳುತ್ತಿತ್ತು. ಕಾದು ಬೆಳ್ಳಗಾದ ಕೊಳವೆಗಳಿಂದ ಕರಗಿದ ಲೋಹ ತುಂಡುತುಂಡಾಗಿ ಕೆಳಗೆ ಬೀಳುತ್ತಿತ್ತು.

ಕೇಂದ್ರದ ಹೆಸರು ಎಚ್‌ಸಿಜೆಬಿ, ‘ವಾಯ್ಸ್ ಆಫ್ ದಿ ಆಂಡೀಸ್’. ಕ್ಲಾರೆನ್ಸ್ ಜೋನ್ಸ್ ಮತ್ತು ರೂಬೆನ್ ಲಾರ್ಸನ್ ಎಂಬ ಅಮೆರಿಕದ ಮಿಷನರಿಗಳು ಈಕ್ವೆಡಾರ್ ದೇಶದ ರಾಜಧಾನಿಯಲ್ಲಿ ಕಟ್ಟಿದ ಕ್ರೈಸ್ತ ಪ್ರಸಾರ ಸಂಸ್ಥೆ ಅದು. 1931ರ ಕ್ರಿಸ್‌ಮಸ್ ದಿನ 200 ವಾಟ್‌ನ ಪುಟ್ಟ ಪ್ರೇಷಕದಿಂದ ಶುರುವಾಯಿತು. ಅದೇ ವರ್ಷದ ಫೆಬ್ರವರಿಯಲ್ಲಿ ಮಾರ್ಕೋನಿ ತಾನೇ ನಿಂತು ಕಟ್ಟಿಸಿದ ವ್ಯಾಟಿಕನ್ ರೇಡಿಯೊ ಕೂಡ ಪ್ರಸಾರ ಆರಂಭಿಸಿತ್ತು. ಧರ್ಮಪ್ರಚಾರಕ್ಕೆ ಶಾರ್ಟ್‌ವೇವ್ ಹೇಳಿ ಮಾಡಿಸಿದ ಸಾಧನ ಎಂಬುದು ಎಲ್ಲರಿಗೂ ಒಟ್ಟಿಗೇ ಹೊಳೆದಂತಿದೆ. 1940ರಲ್ಲಿ ಕ್ವಿಟೊದ ಕೇಂದ್ರಕ್ಕೆ 10,000 ವಾಟ್‌ನ ಪ್ರೇಷಕ ಬಂತು. ಸ್ಪ್ಯಾನಿಷ್ ಕೇಳುಗರು ಸುತ್ತಮುತ್ತಲೇ ಇದ್ದರು, ಇಂಗ್ಲಿಷ್ ಕೇಳುಗರು ಸಾವಿರಾರು ಕಿಲೋಮೀಟರ್ ಆಚೆ. ಅವರನ್ನು ಮುಟ್ಟಬೇಕಾದರೆ ಇರುವ ಶಕ್ತಿಯನ್ನು ನಾಲ್ಕೂ ದಿಕ್ಕಿಗೆ ಚೆಲ್ಲದೆ ಒಂದೇ ಕಡೆಗೆ ನೂಕಬೇಕು. ಅದಕ್ಕೆಂದು ಬಹುಕಡ್ಡಿ ಆಂಟೆನಾ ಏರಿಸಿದರು. ದೂರದರ್ಶನದ ಕಾಲದಲ್ಲಿ ನಮ್ಮ ಮನೆಗಳ ಮೇಲಿದ್ದ, ಅಡ್ಡಡ್ಡ ಕಡ್ಡಿಗಳ ಆಂಟೆನಾ ಇತ್ತಲ್ಲ, ಅದೇ ಕುಲದ್ದು. ಅಳತೆ ಮಾತ್ರ ಭಾರಿ, ಏಕೆಂದರೆ 25 ಮೀಟರ್ ಅಲೆಯುದ್ದದ ಬ್ಯಾಂಡಿಗೆ ಒಂದೊಂದು ಕಡ್ಡಿಯೂ ಹನ್ನೆರಡು ಮೀಟರ್ ಉದ್ದ ಬೇಕು.

ಉರಿ ಹತ್ತಿದ್ದು ಈ ಆಂಟೆನಾಕ್ಕೇ. ಯಾಕೆ ಎಂದು ತಿಳಿಯಲು ಕಡ್ಡಿಯೊಳಗೆ ಏನು ನಡೆಯುತ್ತದೆ ಎಂದು ನೋಡಬೇಕು.

ಆಂಟೆನಾ ಕಡ್ಡಿಯ ಉದ್ದ ಅಲೆಯುದ್ದದ ಅರ್ಧ ಇರುತ್ತದೆ. ಪ್ರೇಷಕದಿಂದ ಬಂದ ವಿದ್ಯುತ್ತು ಅದರಲ್ಲಿ ಸೆಕೆಂಡಿಗೆ ಕೋಟಿ ಬಾರಿ ಅತ್ತಿಂದಿತ್ತ ಓಡುತ್ತದೆ. ನಡುಭಾಗದಲ್ಲಿ ಹರಿವು ಜೋರು. ತುದಿಯಲ್ಲಿ ಮುಂದೆ ಹೋಗಲು ದಾರಿಯಿಲ್ಲ. ಗದ್ದೆಯ ಕಾಲುವೆಗೆ ಹಲಗೆ ಅಡ್ಡ ಇಟ್ಟರೆ ನೀರು ಅಲ್ಲೇ ಮೇಲೇರುವ ಹಾಗೆ, ತುದಿಯಲ್ಲಿ ಹರಿವು ಸೊನ್ನೆಯಾಗಿ ವೋಲ್ಟೇಜು ತಾರಕಕ್ಕೆ ಏರುತ್ತದೆ. ಬಹುಕಡ್ಡಿ ಆಂಟೆನಾದಲ್ಲಿ ಕಡ್ಡಿಗಳು ಹತ್ತಿರ ಹತ್ತಿರ ಇರುವುದರಿಂದ ಶಕ್ತಿ ಅವುಗಳ ನಡುವೆಯೇ ಹೊಯ್ದಾಡುತ್ತ ತುದಿಗಳ ವೋಲ್ಟೇಜನ್ನು ಇನ್ನಷ್ಟು ಏರಿಸುತ್ತದೆ. ಸಾಲದ್ದಕ್ಕೆ ಮೊನೆಯಿದ್ದ ಕಡೆ ವಿದ್ಯುತ್ ಕ್ಷೇತ್ರ ದಟ್ಟವಾಗುತ್ತದೆ. ಸಿಡಿಲು ತಡೆಯುವ ಸಲಾಕೆಗೆ ಮೊನೆ ಮಾಡುವುದು ಈ ಗುಣವನ್ನು ನಂಬಿಯೇ.

ಇಷ್ಟೆಲ್ಲ ಇದ್ದರೂ ಸಮುದ್ರ ಮಟ್ಟದಲ್ಲಿ ಅದೇ ಆಂಟೆನಾ ಬಹುಶಃ ತೆಪ್ಪಗೆ ಕೆಲಸ ಮಾಡಿಕೊಂಡಿರುತ್ತಿತ್ತು. ಗಾಳಿ ಒಳ್ಳೆಯ ನಿರೋಧಕ. ಒಂದು ಸೆಂಟಿಮೀಟರ್ ಅಂತರಕ್ಕೆ ಸುಮಾರು 30,000 ವೋಲ್ಟ್ ಬೀಳುವ ತನಕ ಅದು ತಡೆದುಕೊಳ್ಳುತ್ತದೆ. ಕ್ವಿಟೊ ಇರುವುದು 2,850 ಮೀಟರ್ ಎತ್ತರದಲ್ಲಿ. ನಮ್ಮ ಮುಳ್ಳಯ್ಯನಗಿರಿಗಿಂತ ಸುಮಾರು ಸಾವಿರ ಮೀಟರ್ ಮೇಲೆ. ಅಲ್ಲಿ ಗಾಳಿಯ ಒತ್ತಡ ಕಡಲತೀರಕ್ಕಿಂತ ಶೇಕಡಾ 30ರ ಹತ್ತಿರ ಕಡಿಮೆ. ಅಣುಗಳು ವಿರಳ. ಗಾಳಿಯಲ್ಲಿ ಅಲ್ಲಲ್ಲಿ ಸದಾ ಇರುವ ಬಿಡಿ ಎಲೆಕ್ಟ್ರಾನು ವಿದ್ಯುತ್ ಕ್ಷೇತ್ರದ ಸೆಳೆತಕ್ಕೆ ಸಿಕ್ಕಿ ಓಡತೊಡಗಿದರೆ ಮೊದಲ ಡಿಕ್ಕಿಗೆ ಮುನ್ನ ಹೆಚ್ಚು ದೂರ ಓಡುತ್ತದೆ, ಹೆಚ್ಚು ವೇಗ ಗಳಿಸುತ್ತದೆ. ಡಿಕ್ಕಿಯ ರಭಸಕ್ಕೆ ಅಣುವಿನಿಂದ ಇನ್ನೊಂದು ಎಲೆಕ್ಟ್ರಾನು ಹೊರಬೀಳುತ್ತದೆ. ಒಂದು ಎರಡಾಗಿ, ಎರಡು ನಾಲ್ಕಾಗಿ, ಕ್ಷಣಾರ್ಧದಲ್ಲಿ ಗಾಳಿಯೇ ವಾಹಕವಾಗಿ ಹೊಳೆಯುತ್ತದೆ. ಇದಕ್ಕೆ ಕರೋನಾ ವಿಸರ್ಜನೆ ಎನ್ನುತ್ತಾರೆ. ಹೈಟೆನ್ಷನ್ ತಂತಿಯ ಕೆಳಗೆ ಮಳೆಯ ದಿನ ನಿಂತರೆ ಕಿವಿಗೆ ಬೀಳುವ ‘ಸ್‌ಸ್’ ಸದ್ದು ಇದರದೇ.

ಉರಿ ಮಾತಾಡಿದ್ದಕ್ಕೂ ಕಾರಣ ಸರಳ. ಶಾರ್ಟ್‌ವೇವ್ ಪ್ರಸಾರದಲ್ಲಿ ಧ್ವನಿಗೆ ತಕ್ಕಂತೆ ಅಲೆಯ ಬಲ ಏರಿಳಿಯುತ್ತದೆ. ಬಲ ಏರಿದಾಗ ಉರಿ ಹಿಗ್ಗಿ ಸುತ್ತಲ ಗಾಳಿಯನ್ನು ಕಾಯಿಸಿ ತಳ್ಳುತ್ತದೆ, ಇಳಿದಾಗ ಕುಗ್ಗುತ್ತದೆ. ಗಾಳಿ ಹೀಗೆ ಹಿಗ್ಗಿ ಕುಗ್ಗಿದರೆ ಅದೇ ಶಬ್ದ. ಗ್ರಾಹಕವಿಲ್ಲ, ಸ್ಪೀಕರಿನ ಕಾಗದವಿಲ್ಲ. ಇದೇ ತತ್ವದ ಮೇಲೆ ಆಮೇಲೆ ಪ್ಲಾಸ್ಮಾ ಸ್ಪೀಕರ್‌ಗಳನ್ನೇ ಮಾಡಿದ್ದಾರೆ.

ಕೇಂದ್ರದ ಎಂಜಿನಿಯರ್ ಕ್ಲಾರೆನ್ಸ್ ಮೂರ್‌ಗೆ ಇದರಲ್ಲಿ ಸ್ವಾರಸ್ಯವೇನೂ ಕಾಣದಿದ್ದರೆ ಆಶ್ಚರ್ಯವಿಲ್ಲ. ಯುದ್ಧಕಾಲ, ಕರಗಿಹೋದ ಅಲ್ಯೂಮಿನಿಯಂ ಮತ್ತೆ ತರಿಸುವುದು ಸುಲಭವಿರಲಿಲ್ಲ. ಮೊನೆಯೇ ಸಮಸ್ಯೆಯಾದರೆ ಮೊನೆಯನ್ನು ಉರುಟು ಮಾಡೋಣ ಎಂದು ಶೌಚಾಲಯದ ಫ್ಲಶ್ ತೊಟ್ಟಿಗಳಲ್ಲಿ ಬಳಸುವ ತಾಮ್ರದ ತೇಲುಗುಂಡುಗಳನ್ನು, ಸುಮಾರು 15 ಸೆಂಟಿಮೀಟರ್ ಅಗಲದವನ್ನು, ಒಂದೊಂದು ತುದಿಗೂ ಸಿಕ್ಕಿಸಿದ. ಯೋಚನೆ ಸರಿಯಾದದ್ದೇ. ಗುಂಡಾದ ಮೈ ಮೇಲೆ ಕ್ಷೇತ್ರ ಹರಡಿಕೊಳ್ಳುತ್ತದೆ. ಆದರೆ ಗುಂಡು ಸೇರಿದ್ದೇ ಆಂಟೆನಾದ ಶ್ರುತಿ ಕೆಟ್ಟಿತು. ಶ್ರುತಿ ಸರಿಪಡಿಸಲು ಕಡ್ಡಿ ಮೊಟಕು ಮಾಡಿದರೆ ಉರಿ ಮತ್ತೆ ಹಾಜರು.

1942ರಲ್ಲಿ ಮೂರ್ ಹೆಂಡತಿಯೊಡನೆ ಕೆಲವು ದಿನ ರಜೆಗೆಂದು ಪೊಸೊರ್ಹಾ ಎಂಬ ಮೀನುಗಾರರ ಹಳ್ಳಿಗೆ ಹೋದ. ರಜೆ ಹೆಸರಿಗಷ್ಟೇ. ಜೊತೆಗೆ ನಲವತ್ತೈದು ಕಿಲೋದಷ್ಟು ಎಂಜಿನಿಯರಿಂಗ್ ಪುಸ್ತಕಗಳನ್ನು ಹೊತ್ತು ಒಯ್ದಿದ್ದ. ಬಿದಿರಿನ ಗುಡಿಸಲಿನ ನೆಲದ ಮೇಲೆ ಅವನ್ನೆಲ್ಲ ಹರವಿ ಕೂತು ಆಂಟೆನಾದ ಮೂಲಪಾಠದಿಂದ ಮತ್ತೆ ಶುರು ಮಾಡಿದ. ನಡುನಡುವೆ ಪ್ರಾರ್ಥನೆ. ಉತ್ತರ ಹೊಳೆದದ್ದು ಪ್ರಾರ್ಥನೆಯ ಫಲ ಎಂದೇ ಆತ ಆಮೇಲೆ ಬರೆದುಕೊಂಡ. ಆತನ ನಂಬಿಕೆ ಆತನಿಗಿರಲಿ, ನನ್ನ ಕಣ್ಣು ಹೋಗುವುದು ಆ ನಲವತ್ತೈದು ಕಿಲೋ ಪುಸ್ತಕಗಳ ಕಡೆಗೆ. ಅಂದಹಾಗೆ ಪೊಸೊರ್ಹಾ ಇರುವುದು ಕಡಲ ದಂಡೆಯ ಮೇಲೆ. ಕೇಂದ್ರವನ್ನು ಅಲ್ಲೇ ಕಟ್ಟಿದ್ದರೆ ಈ ತಾಪತ್ರಯ ಇಷ್ಟು ಉಗ್ರವಾಗುತ್ತಿರಲಿಲ್ಲ.

ಉತ್ತರ ಇಷ್ಟೇ: ತುದಿಗೆ ಉರಿ ಹತ್ತುತ್ತದೆಯೇ, ಹಾಗಾದರೆ ತುದಿಯೇ ಇಲ್ಲದ ಆಂಟೆನಾ ಮಾಡು.

ಮಡಚಿದ ಡೈಪೋಲ್ ಎಂಬ ಆಂಟೆನಾ ಆಗಲೇ ಬಳಕೆಯಲ್ಲಿತ್ತು. ಅಕ್ಕಪಕ್ಕ ಎರಡು ತಂತಿ, ಎರಡೂ ತುದಿಗಳಲ್ಲಿ ಕೂಡಿಕೊಂಡಿರುತ್ತವೆ. ಅದರ ಮೇಲಿನ ತಂತಿಯನ್ನು ಮೇಲಕ್ಕೂ ಕೆಳಗಿನದನ್ನು ಕೆಳಕ್ಕೂ ಎಳೆದು ಅಗಲಿಸಿದರೆ ಒಂದು ಚೌಕ ಸಿಗುತ್ತದೆ. ಒಂದೊಂದು ಬದಿಯೂ ಅಲೆಯುದ್ದದ ಕಾಲು ಭಾಗ, ಸುತ್ತಳತೆ ಪೂರ್ತಿ ಒಂದು ಅಲೆ. ಕೆಳಬದಿಯ ನಡುವಿಗೆ ವಿದ್ಯುತ್ತು ಕೊಟ್ಟರೆ ಮೇಲಿನ ಮತ್ತು ಕೆಳಗಿನ ಬದಿಗಳಲ್ಲಿ ಹರಿವು ಒಂದೇ ದಿಕ್ಕಿಗೆ ಸಾಗಿ, ಎರಡರ ಅಲೆಗಳೂ ಒಂದಕ್ಕೊಂದು ಬಲ ಕೊಡುತ್ತವೆ. ಎಡಬಲದ ಬದಿಗಳಲ್ಲಿ ಹರಿವು ತದ್ವಿರುದ್ಧ, ಅವು ಪರಸ್ಪರ ರದ್ದಾಗುತ್ತವೆ. ಹೆಚ್ಚಿನ ವೋಲ್ಟೇಜು ಇಲ್ಲೂ ಇದೆ, ಇಲ್ಲವೆಂದಲ್ಲ. ಆದರೆ ಅದು ಬೀಳುವುದು ಎಡಬಲ ಬದಿಗಳ ನಟ್ಟನಡುವೆ, ಒಂದೇ ಸಮನೆ ಸಾಗುವ ತಂತಿಯ ಮೈ ಮೇಲೆ. ಅಲ್ಲಿ ಮೊನೆ ಇಲ್ಲ, ಉರಿಗೆ ಕಾಲೂರಲು ಜಾಗವಿಲ್ಲ. ಇದರ ಹಿಂದೆ ತುಸು ದೊಡ್ಡ ಇನ್ನೊಂದು ಚೌಕ ನಿಲ್ಲಿಸಿದರೆ ಅದು ಅಲೆಯನ್ನು ಮುಂದಕ್ಕೆ ತಿರುಗಿಸುತ್ತದೆ. ಎದುರುಬದುರು ನಿಂತ ಎರಡು ಚೌಕಗಳಿಂದಾಗಿ ಇದಕ್ಕೆ ‘ಕ್ಯೂಬಿಕಲ್ ಕ್ವಾಡ್’ ಎಂಬ ಹೆಸರು ಬಂತು. ನಿಜಕ್ಕೂ ಘನಾಕೃತಿಯೇನಲ್ಲ, ಚೌಕಗಳ ನಡುವಿನ ಅಂತರ ಬದಿಗಿಂತ ಕಡಿಮೆಯೇ.

ಕ್ವಿಟೊದಲ್ಲಿ ಅದನ್ನು ಏರಿಸಿ ಪೂರ್ಣ ಶಕ್ತಿ ಕೊಟ್ಟರು. ಉರಿಯಿಲ್ಲ. ಮೂರ್ ತನ್ನ ಹವ್ಯಾಸಿ ರೇಡಿಯೊ ನಿಲಯಕ್ಕೂ ಒಂದು ಕ್ವಾಡ್ ಕಟ್ಟಿದ, ಸುದ್ದಿ ಹ್ಯಾಮ್‌ಗಳ, ಅಂದರೆ ಹವ್ಯಾಸಿ ರೇಡಿಯೊದವರ, ಬಾಯಿಂದ ಬಾಯಿಗೆ ಹೋಯಿತು. 1951ರಲ್ಲಿ ಅಮೆರಿಕದ ಪೇಟೆಂಟ್ ಸಿಕ್ಕಿತು. ಅಷ್ಟರಲ್ಲಿ ಆತ ಇಂಡಿಯಾನಾದ ಎಲ್ಕಾರ್ಟ್‌ಗೆ ಮರಳಿ, 1947ರಲ್ಲಿ ಸ್ವಂತ ಕಂಪನಿ ತೆರೆದಿದ್ದ. ಮುಂದೆ ಕ್ರೌನ್ ಎಂದು ಹೆಸರಾದ ಆಂಪ್ಲಿಫೈಯರ್ ಕಂಪನಿ ಅದೇ.

ಕ್ವಾಡ್ ಒಳ್ಳೆಯದೋ ಬಹುಕಡ್ಡಿ ಯಾಗಿ ಆಂಟೆನಾ ಒಳ್ಳೆಯದೋ ಎಂದು ಹ್ಯಾಮ್‌ಗಳು ಇಂದಿಗೂ ಕಚ್ಚಾಡುತ್ತಾರೆ. ಬೆಳಗ್ಗೆ ಬ್ಯಾಂಡ್ ತೆರೆದುಕೊಳ್ಳುವಾಗ, ಅಂದರೆ ದೂರದ ನಿಲಯಗಳು ಸಿಗತೊಡಗುವಾಗ, ಮೊದಲು ಕೇಳಿಸುವುದು, ಮುಚ್ಚುವಾಗ ಕೊನೆತನಕ ಕೇಳಿಸುವುದು ಕ್ವಾಡ್‌ನಲ್ಲೇ ಎಂದು ಅದರ ಅಭಿಮಾನಿಗಳ ವಾದ. ಅಳೆದು ನೋಡಿದರೆ ಎರಡಕ್ಕೂ ಇರುವ ವ್ಯತ್ಯಾಸ ಒಂದೆರಡು ಡೆಸಿಬೆಲ್, ಅಭಿಮಾನ ಅದಕ್ಕಿಂತ ಬಹಳ ಹೆಚ್ಚು. ಮಳೆ, ಹಿಮ ಬೀಳುವಾಗಿನ ಗೊರಗೊರ ಕ್ವಾಡ್‌ನಲ್ಲಿ ಕಡಿಮೆ ಎಂಬ ಮಾತಿಗೆ ಮಾತ್ರ ಕಾರಣವುಂಟು: ತುದಿಯಿಲ್ಲದ ತಂತಿಯಿಂದ ಸ್ಥಾಯಿ ವಿದ್ಯುತ್ತು ಸುಲಭವಾಗಿ ಸೋರದು.

ಕೇಂದ್ರದ ಕಡೆಗೆ ಬಂದರೆ, ಅದರ ಇಂಗ್ಲಿಷ್ ಕಾರ್ಯಕ್ರಮಗಳಲ್ಲಿ ನನಗೆ ಅತ್ಯಂತ ಸೋಜಿಗ ಎನಿಸುವುದು 1960ರ ದಶಕದಲ್ಲಿ ಶುರುವಾದ ‘ಡಿಎಕ್ಸ್ ಪಾರ್ಟಿ ಲೈನ್’. ಕ್ಲೇಟನ್ ಹೊವಾರ್ಡ್ ವರ್ಷಗಟ್ಟಲೆ ನಡೆಸಿಕೊಟ್ಟದ್ದು. ದೂರದ ನಿಲಯಗಳನ್ನು ಹುಡುಕಿ ಕೇಳುವ ಹವ್ಯಾಸಿಗಳಿಗಾಗಿಯೇ ಇದ್ದ ಅದರಲ್ಲಿ ಬೇರೆ ಯಾವ ದೇಶದ ಯಾವ ನಿಲಯ ಎಲ್ಲಿ ಸಿಗುತ್ತದೆ ಎಂಬ ಮಾಹಿತಿಯೇ ಬಂಡವಾಳ. ಕೇಳುಗ ಮುಳ್ಳು ತಿರುಗಿಸಿ ಬೇರೆಡೆ ಹೋಗಲಿ ಎಂದು ದಾರಿ ತೋರಿಸುವ ಧರ್ಮಪ್ರಸಾರ! ಸಿಗ್ನಲ್ಲಿನ ಬಲ, ಅಡ್ಡಿ, ಗದ್ದಲ, ಏರಿಳಿತ, ಒಟ್ಟು ಗುಣ ಎಂಬ ಐದಕ್ಕೂ ಐದರೊಳಗೆ ಅಂಕ ಹಾಕಿ ವರದಿ ಬರೆದರೆ ನಿಲಯದಿಂದ ಚಿತ್ರದ ಕಾರ್ಡು ಬರುತ್ತಿತ್ತು. ಹೀಗೆ ವಿದೇಶಿ ನಿಲಯಗಳ ಕಾರ್ಡು ಕೂಡಿಡುವ ಹುಚ್ಚು ನಮ್ಮೂರುಗಳಲ್ಲೂ ಕಡಿಮೆಯೇನಿರಲಿಲ್ಲ.

ಕ್ವಿಟೊಗಿಂತ ಕನ್ನಡಿಗರ ಕಿವಿಗೆ ಹತ್ತಿರವಿದ್ದದ್ದು ಇನ್ನೊಂದು ಕ್ರೈಸ್ತ ನಿಲಯ, ಫೀಬಾ ರೇಡಿಯೊ. 1970ರಿಂದ 2003ರವರೆಗೆ ಹಿಂದೂ ಮಹಾಸಾಗರದ ಸೇಶೆಲ್ಸ್ ದ್ವೀಪದಿಂದ ಅದು ಭಾರತದತ್ತ ಮುಖ ಮಾಡಿ ಹಲವು ಭಾಷೆಗಳಲ್ಲಿ, ಕನ್ನಡದಲ್ಲೂ, ಪ್ರಸಾರ ಮಾಡಿತು. ಅದರ ಭಾರತದ ಕಚೇರಿ ಬೆಂಗಳೂರಿನಲ್ಲೇ ಇತ್ತು. ಸೇಶೆಲ್ಸ್‌ನ ಎಂಜಿನಿಯರುಗಳಿಗೆ ಒಲಿದದ್ದು ಉಪ್ಪುನೀರು. ಹವಳದ ದಿಬ್ಬದ ಮೇಲೆ ನಿಂತ ಆಂಟೆನಾಕ್ಕೆ ಸುತ್ತಲ ಕಡಲೇ ಒಳ್ಳೆಯ ವಾಹಕ ನೆಲವಾಯಿತು.

ಕ್ವಿಟೊ ಬಳಿಯ ಪೀಫೋದಲ್ಲಿ ಎದ್ದಿದ್ದ ಎಚ್‌ಸಿಜೆಬಿಯ ಆಂಟೆನಾ ಕಂಬಗಳಿಗೆ ಕೊನೆಗೆ ಕುತ್ತು ತಂದದ್ದು ವಿಮಾನ. ನಗರದ ಹೊಸ ವಿಮಾನ ನಿಲ್ದಾಣ ಹತ್ತಿರದಲ್ಲೇ ತಲೆಯೆತ್ತಿತು. ಎತ್ತರದ ಕಂಬಗಳು ಹಾರುದಾರಿಗೆ ಅಡ್ಡ. 2009ರ ಸೆಪ್ಟೆಂಬರ್ 30ಕ್ಕೆ ಅಲ್ಲಿನ ಶಾರ್ಟ್‌ವೇವ್ ಪ್ರಸಾರ ನಿಂತಿತು. ಅಷ್ಟರಲ್ಲಾಗಲೇ, 2003ರ ಜನವರಿಯಿಂದ, ಸಂಸ್ಥೆಯ ಆಸ್ಟ್ರೇಲಿಯಾ ಶಾಖೆ ಕುನುನುರಾದಿಂದ ಏಷ್ಯಾ ಕಡೆಗೆ ಪ್ರಸಾರ ಆರಂಭಿಸಿತ್ತು.

ಕ್ವಾಡ್ ಮಾತ್ರ ಪ್ರವಚನದ ಗಂಧಗಾಳಿಯಿಲ್ಲದವರ ತಾರಸಿಗಳ ಮೇಲೆ ಹಾಯಾಗಿದೆ. ಕಟ್ಟುವುದೂ ಕಷ್ಟವಲ್ಲ. 28.5 ಮೆಗಾಹರ್ಟ್ಸ್‌ಗೆ ಮುಂದಿನ ಚೌಕಕ್ಕೆ ಸುಮಾರು 10.7 ಮೀಟರ್ ತಂತಿ, ಹಿಂದಿನದಕ್ಕೆ 11 ಮೀಟರ್, ನಡುವೆ ಒಂದೂವರೆ ಮೀಟರ್ ಅಂತರ, ತಂತಿ ಬಿಗಿಯಲು ಎರಡು ಮೀಟರಿನ ಎಂಟು ಬಿದಿರು ಗಳು. ಪ್ರೇಷಿಸಲು ಹ್ಯಾಮ್ ಲೈಸೆನ್ಸ್ ಬೇಕು, ಕೇಳಲು ಬೇಡ. ಬಿದಿರಿಗೆ ವಾರ್ನಿಷ್ ಹೊಡೆಯದೆ ಏರಿಸಬೇಡಿ, ಮಲೆನಾಡಿನ ಮಳೆಗೆ ತಾಳುವುದಿಲ್ಲ. ದುಡ್ಡಿದ್ದವರು ಈಗ ಫೈಬರ್‌ಗ್ಲಾಸ್ ಕೋಲು ಹಾಕುತ್ತಾರೆ.