ವ್ಯಾಜ್ಯವೂ ಕಷಾಯವೂ

ಪುತ್ತೂರು, ಸುಳ್ಯ, ಕಡಬ ತಾಲ್ಲೂಕುಗಳಲ್ಲಿ ಅಡಿಕೆ, ರಬ್ಬರ್, ಗೇರುಬೀಜಗಳನ್ನು ನಂಬಿದ ಸಣ್ಣ ಸಂಸ್ಥೆಗಳು ಅನೇಕ. ನಾಲ್ಕಾರು ಕೆಲಸದವರು, ಬ್ಯಾಂಕಿನ ಸಾಲ, ಗೋದಾಮಿನಲ್ಲಿರುವ ಮಾಲು. ಇಷ್ಟೇ ಅವುಗಳ ಬಲ. ಮಾಲಿನ ಗುಣಮಟ್ಟದ ತಕರಾರೆದ್ದು ವಕೀಲರ ನೋಟಿಸು ಬಂದರೆ ಮಾಲೀಕನಲ್ಲಿ ಮೊದಲು ಏಳುವುದು ಲೆಕ್ಕವಲ್ಲ, ಮಾನಕಷಾಯ. ‘ಎಷ್ಟು ಖರ್ಚಾದರೂ ಸರಿ, ಕೊನೆಯವರೆಗೆ ಹೋಗೋಣ’ ಎನ್ನುತ್ತಾನೆ.

ಜಿನಾಗಮವು ರೌದ್ರಧ್ಯಾನದ ನಾಲ್ಕು ಭೇದಗಳಲ್ಲಿ ಪರಿಗ್ರಹ ಸಂರಕ್ಷಣೆಯನ್ನೂ ಎಣಿಸಿದೆ. ಇದ್ದುದನ್ನು ಕಾಯುವ ಚಿಂತೆಯೇ ಹಗಲಿರುಳು ಮನಸ್ಸನ್ನು ಸುಡುವ ಸ್ಥಿತಿ ಅದು. ದೊಡ್ಡ ಕಂಪನಿಗೆ ದಾವೆ ನೋಡಿಕೊಳ್ಳಲು ಪ್ರತ್ಯೇಕ ವಿಭಾಗವಿರುತ್ತದೆ. ಸಣ್ಣವನಿಗೆ ತಾನೇ ವಿಭಾಗ. ವಾಯಿದೆಯ ದಿನ ಅಂಗಡಿ ಮುಚ್ಚುತ್ತದೆ, ಸಾಲದ ಬಡ್ಡಿ ಮುಚ್ಚುವುದಿಲ್ಲ. ಗೆದ್ದರೂ ಮೇಲ್ಮನವಿ ಉಂಟು. ಸಂಬಳಕ್ಕೆ ಕಾಯುವ ಮನೆಗಳು ಈ ಹಟಕ್ಕೆ ತೆರುವ ಬೆಲೆಯನ್ನು ಯಾವ ತೀರ್ಪೂ ತುಂಬಿಕೊಡದು.

ಭರತ-ಬಾಹುಬಲಿಯರ ಸೇನೆಗಳು ಎದುರುಬದುರಾದಾಗ ಮಂತ್ರಿಗಳು ಯೋಚಿಸಿದ್ದೂ ಇದನ್ನೇ. ಚರಮಶರೀರಿಗಳಾದ ಅಣ್ಣತಮ್ಮಂದಿರಿಗೆ ಯುದ್ಧದಿಂದ ಅಪಾಯವಿಲ್ಲ, ಸಾಯುವವರು ಸೈನಿಕರು. ಆದ್ದರಿಂದಲೇ ದೃಷ್ಟಿ, ಜಲ, ಮಲ್ಲ ಯುದ್ಧಗಳ ಏರ್ಪಾಡಾಯಿತು.

ಇಂದಿನ ಕಾನೂನಿನಲ್ಲೂ ಅಂಥ ದಾರಿಗಳಿವೆ. 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆಯಂತೆ ಲೋಕ ಅದಾಲತ್ತಿನಲ್ಲಾದ ರಾಜಿಗೆ ಡಿಕ್ರಿಯ ಬಲವಿದೆ, ಮೇಲ್ಮನವಿಯಿಲ್ಲ, ಕಟ್ಟಿದ ನ್ಯಾಯಾಲಯ ಶುಲ್ಕವೂ ಮರಳುತ್ತದೆ. 3 ಲಕ್ಷ ರೂಪಾಯಿ ಅಥವಾ ಹೆಚ್ಚಿನ ವಾಣಿಜ್ಯ ವ್ಯಾಜ್ಯದಲ್ಲಿ, ತುರ್ತು ಪರಿಹಾರ ಬೇಕಿಲ್ಲವಾದರೆ, ದಾವೆಗೆ ಮುನ್ನ ಮಧ್ಯಸ್ಥಿಕೆಯನ್ನು 2018ರ ತಿದ್ದುಪಡಿ ವಿಧಿಸಿತು. ಅದು ಕಡ್ಡಾಯವೆಂದು ಸುಪ್ರೀಂ ಕೋರ್ಟು 2022ರಲ್ಲಿ ಹೇಳಿತು.

ಹಾಗೆಂದು ಎಲ್ಲ ರಾಜಿಯೂ ಧರ್ಮವಲ್ಲ. ಶ್ರಾವಕನಿಗೆ ವಿರೋಧಿ ಹಿಂಸೆಯನ್ನು ಪೂರ್ಣವಾಗಿ ನಿಷೇಧಿಸಿಲ್ಲ. ಅನ್ಯಾಯವನ್ನು ಎದುರಿಸುವುದು ಗೃಹಸ್ಥನಿಗೆ ಸಲ್ಲುವ ಕೆಲಸ. ಸುಳ್ಳು ದಾವೆ ಹೂಡುವುದನ್ನೇ ಕಸುಬಾಗಿಸಿಕೊಂಡವನಿಗೆ ಹಣ ಕೊಟ್ಟರೆ ಅವನು ನಾಳೆ ಪಕ್ಕದ ಅಂಗಡಿಗೆ ಹೋಗುತ್ತಾನೆ. ಇನ್ನೊಂದು ಕಡೆ, ತೂಕದಲ್ಲಿ ಮೋಸ, ಕಲಬೆರಕೆಗಳು ಅಚೌರ್ಯಾಣುವ್ರತದ ಅತಿಚಾರಗಳು. ಅವನ್ನು ಮುಚ್ಚಿಡಲು ಮಾಡುವ ರಾಜಿ ಬರಿಯ ಮಾಯಾಕಷಾಯ. ಪ್ರಾಮಾಣಿಕರಿಬ್ಬರಿಗೆ ಒಂದೇ ಕರಾರು ಎರಡು ಅರ್ಥ ಕೊಟ್ಟಿರುವಲ್ಲಿ ಮಾತ್ರ ಅನೇಕಾಂತದೃಷ್ಟಿಗೆ ಎಡೆಯುಂಟು. ಸಣ್ಣ ವ್ಯವಹಾರದ ಜಗಳಗಳಲ್ಲಿ ಹೆಚ್ಚಿನವು ಇಂಥವೇ.

ರಾಜಿಪತ್ರಕ್ಕೆ ಸಹಿ ಬಿದ್ದರೂ ಮನಸ್ಸಿನ ಮುಳ್ಳು ಉಳಿಯಬಹುದು. ಗೆದ್ದ ರಾಜ್ಯವನ್ನೇ ಬಿಟ್ಟು ವರ್ಷಕಾಲ ನಿಂತ ಬಾಹುಬಲಿಗೂ ಅಣ್ಣನ ಕುರಿತ ಎಳೆಯಷ್ಟು ಚಿಂತೆ ಉಳಿದಿತ್ತು. ಭರತನೇ ಬಂದು ಪೂಜಿಸಿದಾಗ ಅದು ಕಳಚಿತು.