ನಿಮಗಿದು ಗೊತ್ತೇ? – ಡ್ಯಾನ್‌ವಿಲ್ ಸುತ್ತಮುತ್ತಲ ವಿಜ್ಞಾನ

ನೊಬೆಲ್ ಪಡೆದ ನಾಟಕಕಾರ ಯೂಜೀನ್ ಓ’ನೀಲ್ 1937ರಿಂದ 1944ರವರೆಗೆ ಬಾಳಿದ್ದು ಡ್ಯಾನ್‌ವಿಲ್ ಗುಡ್ಡದ ಮೇಲಿನ ಟಾವೊ ಹೌಸ್‌ನಲ್ಲಿ. ಅವರು ಬರೆಯುತ್ತಿದ್ದುದು ಪೆನ್ಸಿಲ್ಲಿನಲ್ಲಿ. ಕೈನಡುಕ ಏರುತ್ತಾ ಹೋಗಿ ಕೊನೆಗೆ ಆ ಪೆನ್ಸಿಲ್ಲೇ ನಿಲ್ಲದಾಯಿತು. ಬಾಯಲ್ಲಿ ಹೇಳಿ ಬರೆಸಲು ನೋಡಿದರು, ಮಾತು ನಾಟಕವಾಗಲಿಲ್ಲ. 1943ರ ನಂತರ ಒಂದು ನಾಟಕವನ್ನೂ ಮುಗಿಸದೆ 1953ರಲ್ಲಿ ತೀರಿಕೊಂಡರು. ಎಲ್ಲರೂ ಪಾರ್ಕಿನ್ಸನ್ ಅಂದುಕೊಂಡಿದ್ದರು. ಅಲ್ಲ! ಶವಪರೀಕ್ಷೆಯ ವಿವರಗಳನ್ನು ಮತ್ತೆ ಪರಿಶೀಲಿಸಿದ ವೈದ್ಯರು 2000ದಲ್ಲಿ ‘ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್’ನಲ್ಲಿ ಬರೆದರು: ಸೊರಗಿದ್ದು ಚಲನೆಯ ಹದ ಕಾಯುವ ಅನುಮಸ್ತಿಷ್ಕ. ಬುದ್ಧಿ ಚುರುಕಾಗಿಯೇ ಇದ್ದು ಕೈ ಮಾತ್ರ ಸೋತ ಲೇಖಕನನ್ನು ನೆನೆದರೆ ಸಂಕಟವಾಗುತ್ತದೆ.

ತಲೆಗೆ ಪೆಟ್ಟು ಬಿದ್ದು ಸಿಟಿ ಸ್ಕ್ಯಾನ್‌ನಲ್ಲಿ ಏನೂ ಕಾಣದಿದ್ದರೆ ನಿಶ್ಚಿಂತೆಯೇ? ಸ್ಯಾನ್ ಫ್ರಾನ್ಸಿಸ್ಕೋದ ಯುಸಿಎಸ್‌ಎಫ್ ಮುನ್ನಡೆಸುವ ಟ್ರ್ಯಾಕ್-ಟಿಬಿಐ ಅಧ್ಯಯನ ಅಂಥ 450 ಮಂದಿಗೆ ಎಂಆರ್‌ಐ ಮಾಡಿಸಿತು. 120 ಮಂದಿಯ ಮಿದುಳಿನಲ್ಲಿ ಗಾಯ ಕಂಡಿತು. ಅವರ ರಕ್ತದಲ್ಲಿ ಜಿಎಫ್‌ಎಪಿ ಎಂಬ ಪ್ರೋಟೀನೂ ಹೆಚ್ಚಿತ್ತು. ವಯಸ್ಕರ ಹಾಸಿಗೆಯ ಪಕ್ಕದಲ್ಲೇ 15 ನಿಮಿಷದಲ್ಲಿ ಮುಗಿಯುವ ಇಂಥ ರಕ್ತಪರೀಕ್ಷೆಗೆ 2024ರಲ್ಲಿ ಅಮೆರಿಕದ ಎಫ್‌ಡಿಎ ಒಪ್ಪಿಗೆ ಕೊಟ್ಟಿದೆ.

ಮಕ್ಕಳನ್ನು ಶಾಲೆಯ ಸಾಕರ್ ತಂಡಕ್ಕೆ ಸೇರಿಸಿದ ಅಪ್ಪ-ಅಮ್ಮಂದಿರೇ, ಇದನ್ನು ದಯವಿಟ್ಟು ನೆನಪಿಡಿ. ಕ್ಯಾಲಿಫೋರ್ನಿಯಾದ ಕಾನೂನಿನಂತೆ, ತಲೆಗೆ ಪೆಟ್ಟು ಬಿದ್ದು ಕನ್‌ಕಶನ್ ಆಗಿರಬಹುದೆಂಬ ಅನುಮಾನ ಬಂದರೂ ಸಾಕು, ಮಗು ಆ ದಿನ ಮತ್ತೆ ಅಂಗಳಕ್ಕಿಳಿಯುವಂತಿಲ್ಲ. ಮರಳಲು ವೈದ್ಯರ ಲಿಖಿತ ಒಪ್ಪಿಗೆ ಬೇಕು. ಕನ್‌ಕಶನ್ ಖಚಿತವಾದರೆ ಹಂತಹಂತವಾಗಿ ಮರಳಲು ಕನಿಷ್ಠ 7 ದಿನ. ಕೋಚ್ ಅವಸರ ಮಾಡಿದರೂ ನೀವು ಮಾಡಬೇಡಿ.

ಪಾರ್ಶ್ವವಾಯುವಿನಿಂದ 18 ವರ್ಷ ಮಾತು ಕಳೆದುಕೊಂಡಿದ್ದ ಮಹಿಳೆಯೊಬ್ಬರು 2023ರಲ್ಲಿ ಕಂಪ್ಯೂಟರ್ ಮೂಲಕ ಮಾತಾಡಿದರು. ಯುಸಿಎಸ್‌ಎಫ್ ಮತ್ತು ಬರ್ಕ್ಲಿಯ ತಂಡ ಅವರ ಮಿದುಳಿನ ಮೇಲೆ 253 ಎಲೆಕ್ಟ್ರೋಡ್‌ಗಳ ತೆಳುಹಾಳೆ ಇರಿಸಿ, ಅವರು ಆಡಬಯಸಿದ ಪದಗಳನ್ನು ನಿಮಿಷಕ್ಕೆ ಸುಮಾರು 78ರಂತೆ ಹೊರತಂದಿತು. ದನಿಯೂ ಅವರದೇ! ಮದುವೆಯ ವಿಡಿಯೊದಲ್ಲಿದ್ದ ಅವರ ಮಾತಿನಿಂದ ಅದನ್ನು ಮರುಸೃಷ್ಟಿಸಿದ್ದರು.

ನಮ್ಮವರು ತೆಳ್ಳಗಿದ್ದರೂ ಸಕ್ಕರೆ ಕಾಯಿಲೆ ಬರುವುದೇಕೆ? ಬೇ ಏರಿಯಾ ಮತ್ತು ಶಿಕಾಗೋದ ದಕ್ಷಿಣ ಏಷ್ಯನ್ನರ ಮೇಲಿನ ‘ಮಸಾಲಾ’ ಅಧ್ಯಯನ ಒಂದು ಸುಳಿವು ಕೊಟ್ಟಿದೆ: ತೂಕ ಅಷ್ಟೇ ಇದ್ದರೂ ನಮ್ಮಲ್ಲಿ ಯಕೃತ್ತಿನ ಕೊಬ್ಬು ಹೆಚ್ಚು, ಸ್ನಾಯು ಕಡಿಮೆ. ಏಷ್ಯನ್ ಮೂಲದವರಿಗೆ ಬಿಎಂಐ 25ರ ಬದಲು 23ಕ್ಕೇ ಸಕ್ಕರೆ ಪರೀಕ್ಷೆಯ ಯೋಚನೆ ಮಾಡಬೇಕೆಂದು ಅಮೆರಿಕನ್ ಡಯಾಬಿಟಿಸ್ ಅಸೋಸಿಯೇಷನ್ 2015ರಿಂದಲೇ ಹೇಳುತ್ತಿದೆ.

ಲಿವರ್‌ಮೋರ್ ಎಂದರೆ ನಮಗೆ ಶಿವ-ವಿಷ್ಣು ದೇವಸ್ಥಾನ. ಅದೇ ಊರಿನ ರಾಷ್ಟ್ರೀಯ ಪ್ರಯೋಗಾಲಯದಲ್ಲಿ 2022ರ ಡಿಸೆಂಬರ್ 5ರಂದು, ನಡುರಾತ್ರಿ ಒಂದು ದಾಟಿದ ಹೊತ್ತು, 192 ಲೇಸರ್ ಕಿರಣಗಳು ಕಾಳುಮೆಣಸಿನಷ್ಟು ಪುಟ್ಟ ವಜ್ರದ ಗುಂಡಿನೊಳಗಿದ್ದ ಹೈಡ್ರೋಜನ್ನನ್ನು ಬೆಸೆದವು. ಲೇಸರ್ ಕೊಟ್ಟಿದ್ದು 2.05 ಮೆಗಾಜೌಲ್, ಹೊರಬಂದದ್ದು 3.15. ಕೊಟ್ಟದ್ದಕ್ಕಿಂತ ಹೆಚ್ಚು ಬಂದದ್ದು ಪ್ರಯೋಗಾಲಯದಲ್ಲಿ ಅದೇ ಮೊದಲು. ಸುಮಾರು ಒಂಬತ್ತು ಲೀಟರ್ ತಣ್ಣೀರನ್ನು ಕುದಿಯುವ ಹಂತಕ್ಕೆ ತರುವಷ್ಟು ಶಕ್ತಿ. ಆದರೆ ಆ ಲೇಸರ್‌ಗಳನ್ನು ಸಜ್ಜುಗೊಳಿಸಲು ವಿದ್ಯುತ್ ಜಾಲದಿಂದ ಎಳೆದದ್ದು ಸುಮಾರು 300 ಮೆಗಾಜೌಲ್. ಮನೆಯ ದೀಪ ಹೊತ್ತಿಸಬೇಕಾದರೆ ಈ ಅಂತರ ಮೊದಲು ಮುಚ್ಚಬೇಕು.