ರೇಷ್ಮೆ ಹುಳುವಿಗೆ ‘ದೃಷ್ಟಿ’ ತಾಗುತ್ತದೆಯೇ? ಬೇಸಿಗೆ ಬೆಳೆ ಕೈಕೊಡುವುದರ ಹಿಂದಿನ ನಿಜ

ಯುಗಾದಿ ಹತ್ತಿರವಾದಂತೆ ರೇಷ್ಮೆ ಬೆಳೆಯುವ ಊರುಗಳ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಮೂರು ಮಾತುಗಳು ಮತ್ತೆ ಮತ್ತೆ ಓಡಾಡುತ್ತವೆ. ಒಂದು: ‘ಹೊರಗಿನವರನ್ನು ಹುಳುಮನೆಗೆ ಬಿಡಬೇಡಿ, ದೃಷ್ಟಿಯಾಗುತ್ತದೆ.’ ಎರಡು: ‘ಮುಟ್ಟಾದ ಹೆಂಗಸರು ಒಳಗೆ ಬಂದರೆ ಹುಳು ಕೆಡುತ್ತದೆ.’ ಮೂರು: ‘ಪಕ್ಕದ ತೋಟಕ್ಕೆ ಔಷಧಿ ಹೊಡೆದರೆ ನಮ್ಮ ಹುಳುವಿಗೇನೂ ಆಗುವುದಿಲ್ಲ, ನಡುವೆ ಬೇಲಿ ಇದೆಯಲ್ಲ.’

ಮೊದಲನೆಯದರಲ್ಲಿ ಅರ್ಧ ಸತ್ಯವಿದೆ. ಎರಡನೆಯದು ಪೂರ್ತಿ ಸುಳ್ಳು. ಮೂರನೆಯದು ಸುಳ್ಳು ಮಾತ್ರವಲ್ಲ, ಒಂದು ಇಡೀ ಬೆಳೆಯನ್ನೇ ನುಂಗಬಲ್ಲದು. ಒಂದೊಂದಾಗಿ ನೋಡೋಣ.

ಒಂದು ಬೆಳೆ ಎಂದರೆ ಎಷ್ಟು?

ಕೆಜಿಎಫ್‌ನ ಚಿನ್ನದ ಗಣಿಗಳು 2001ರ ಫೆಬ್ರವರಿ 28ರಂದು ಮುಚ್ಚಿದವು. ಮೈಸೂರು ಮೈನ್ಸ್, ಚಾಂಪಿಯನ್ ರೀಫ್ ಸುತ್ತಲಿನ ಸೈನೈಡ್ ದಿಬ್ಬಗಳು ಹಾಗೇ ಉಳಿದಿವೆ. ಅವನ್ನು ದಾಟಿ ಬಂಗಾರಪೇಟೆ ಕಡೆಯ ಹಳ್ಳಿಗಳಿಗೆ ಬಂದರೆ ಟೊಮೆಟೊ, ಮಾವು, ಹಿಪ್ಪುನೇರಳೆ ಅಕ್ಕಪಕ್ಕದಲ್ಲೇ ಕಾಣುತ್ತವೆ. ಅರ್ಧ ಎಕರೆ, ಒಂದು ಎಕರೆ ಹಿಪ್ಪುನೇರಳೆ ಇಟ್ಟುಕೊಂಡ ಕುಟುಂಬಕ್ಕೆ ಹುಳು ಎಂದರೆ ತಿಂಗಳಿಗೊಮ್ಮೆ ಕೈಗೆ ದುಡ್ಡು ಬರುವ ದಾರಿ.

ರೈತರು ‘ನೂರು ಮೊಟ್ಟೆ ತಂದಿದ್ದೇವೆ’ ಎಂದರೆ ನೂರು ಹುಳು ಎಂದಲ್ಲ. ಒಂದು ‘ಮೊಟ್ಟೆ’ ಎಂದರೆ ಒಂದು ತಾಯಿ ಚಿಟ್ಟೆ ಇಟ್ಟ ಸುಮಾರು 400ರಿಂದ 500 ಮೊಟ್ಟೆಗಳ ಗುಂಪು. ಹಾಗಾಗಿ ನೂರು ಮೊಟ್ಟೆಗೆ 40 ಸಾವಿರಕ್ಕೂ ಹೆಚ್ಚು ಹುಳು. ಮೊಟ್ಟೆಯೊಡೆದ ದಿನದಿಂದ ಸುಮಾರು 25–28 ದಿನಗಳಲ್ಲಿ ಹುಳುವಿನ ತೂಕ ಹತ್ತು ಸಾವಿರ ಪಟ್ಟು ಹೆಚ್ಚುತ್ತದೆ. ಈ ಅವಧಿಯಲ್ಲಿ ಅದು ನಾಲ್ಕು ಸಲ ‘ಜ್ವರಕ್ಕೆ’ ಕೂರುತ್ತದೆ. ಇದು ಕಾಯಿಲೆಯಲ್ಲ, ಹಳೆಯ ಚರ್ಮ ಕಳಚುವ ಹೊತ್ತು. ಆಗ ಸೊಪ್ಪು ಹಾಕಬಾರದು, ಅಲುಗಾಡಿಸಬಾರದು.

ನಾಲ್ಕನೇ ಜ್ವರ ಕಳೆದ ಮೇಲೆ ಹುಳು ವಿಪರೀತ ತಿನ್ನುತ್ತದೆ. ಜೀವಮಾನದಲ್ಲಿ ತಿನ್ನುವ ಸೊಪ್ಪಿನಲ್ಲಿ ಶೇ. 80ಕ್ಕಿಂತ ಹೆಚ್ಚು ಭಾಗ ಕೊನೆಯ ಈ ಏಳೆಂಟು ದಿನಗಳದ್ದೇ. ಅಂದರೆ ಸೊಪ್ಪು, ಕೂಲಿ, ನಿದ್ದೆ ಎಲ್ಲವನ್ನೂ ಸುರಿದ ಮೇಲೆ, ಗೂಡು ಕಟ್ಟುವ ಹೊಸ್ತಿಲಲ್ಲಿ ಹುಳು ಸತ್ತರೆ ನಷ್ಟ ಪೂರ್ತಿ ಮನೆಯವರದ್ದೇ.

‘ದೃಷ್ಟಿ’ ಎಂಬ ಮಾತು ಯಾಕೆ ನಿಜದಂತೆ ಕಾಣುತ್ತದೆ?

ಹಾಲುತೊಂಡೆ ರೋಗ ವೈರಸ್‌ನಿಂದ ಬರುತ್ತದೆ. ಸುಣ್ಣಕಟ್ಟು ರೋಗ ಶಿಲೀಂಧ್ರದಿಂದ ಬರುತ್ತದೆ. ಸೋಂಕು ತಗುಲಿದ ದಿನವೇ ಹುಳು ಸಾಯುವುದಿಲ್ಲ, ಲಕ್ಷಣ ಕಾಣಲು ಕೆಲವು ದಿನ ಬೇಕು. ಅಷ್ಟರಲ್ಲಿ ಯಾರೋ ನೆಂಟರು ಬಂದು ‘ಹುಳು ಎಷ್ಟು ಚೆನ್ನಾಗಿ ಬಂದಿದೆ’ ಎಂದಿರುತ್ತಾರೆ. ಮರುದಿನ ಹುಳು ಸಾಯತೊಡಗಿದರೆ ಮನಸ್ಸು ಆ ಮಾತಿಗೇ ಗಂಟು ಹಾಕುತ್ತದೆ. ನಿಜವಾದ ಕಾರಣ ಅದಕ್ಕೂ ಮೊದಲೇ ಒಳಗೆ ಬಂದಿರುತ್ತದೆ.

ಅರ್ಧ ಸತ್ಯ ಇರುವುದು ಇಲ್ಲಿ: ಹೊರಗಿನವರ ಕಣ್ಣಿನಿಂದ ಏನೂ ಆಗದಿದ್ದರೂ ಅವರ ಚಪ್ಪಲಿ, ಕೈಗಳಿಂದ ರೋಗಾಣು ಬರಬಹುದು. ಅವರು ಇನ್ನೊಂದು ಹುಳುಮನೆಯಿಂದ ನೇರವಾಗಿ ಬಂದಿದ್ದರಂತೂ ಅಪಾಯ ಹೆಚ್ಚು. ಬಾಗಿಲು ತೆರೆದಿಟ್ಟರೆ ಊಜಿ ನೊಣವೂ ನುಗ್ಗುತ್ತದೆ. 1980ರಲ್ಲಿ ಪಶ್ಚಿಮ ಬಂಗಾಳದ ಕಡೆಯಿಂದ ಕರ್ನಾಟಕಕ್ಕೆ ಬಂದ ಈ ನೊಣ ಹುಳುವಿನ ಮೈಮೇಲೆ ಮೊಟ್ಟೆ ಇಡುತ್ತದೆ. ಅದರ ಮರಿ ಹುಳುವಿನ ಒಳಗೇ ಬೆಳೆಯುತ್ತದೆ. ಬಾಗಿಲಿಗೆ ಕಟ್ಟಿದ ನಿಂಬೆಹಣ್ಣು ಮೆಣಸಿನಕಾಯಿ ಅದನ್ನು ತಡೆಯುವುದಿಲ್ಲ, ನೈಲಾನ್ ಬಲೆ ತಡೆಯುತ್ತದೆ.

ಮುಟ್ಟಿಗೂ ಹುಳುವಿಗೂ ಸಂಬಂಧವಿಲ್ಲ

ಹಾಲುತೊಂಡೆಯ ವೈರಸ್ ಆಗಲಿ, ಸುಣ್ಣಕಟ್ಟಿನ ಶಿಲೀಂಧ್ರವಾಗಲಿ ಮುಟ್ಟಿನಿಂದ ಹುಟ್ಟುವುದಿಲ್ಲ, ಹರಡುವುದೂ ಇಲ್ಲ. ಕೈ ತೊಳೆದವರು ಯಾರು ಬೇಕಾದರೂ ಸೊಪ್ಪು ಹಾಕಬಹುದು, ತೊಳೆಯದವರು ಯಾರೂ ಹಾಕಬಾರದು. ನಿಯಮ ಇಷ್ಟೇ. ಸೊಪ್ಪು ಕೊಯ್ಯುವುದು, ಹಿಕ್ಕೆ ತೆಗೆಯುವುದು, ಹಣ್ಣಾದ ಹುಳುವನ್ನು ಆರಿಸಿ ಚಂದ್ರಿಕೆಗೆ ಬಿಡುವುದು, ಈ ಕೆಲಸಗಳಲ್ಲಿ ಬಹುಪಾಲು ಹೆಂಗಸರದ್ದೇ. ಬೆಳೆ ಕೆಟ್ಟಾಗ ದೂರು ಕೂಡ ಅವರ ಮೇಲೆಯೇ ಬೀಳುವುದು ಅನ್ಯಾಯ. ಅದರಿಂದ ಇನ್ನೊಂದು ನಷ್ಟವೂ ಇದೆ. ತಪ್ಪು ಕಾರಣ ಸಿಕ್ಕಿತೆಂದು ಸಮಾಧಾನಪಟ್ಟ ಮನೆ ಸರಿಯಾದ ಕಾರಣವನ್ನು ಹುಡುಕುವುದಿಲ್ಲ. ಮುಂದಿನ ಬೆಳೆಯೂ ಹಾಗೇ ಕೆಡುತ್ತದೆ.

ಬೇಲಿ ದಾಟುವ ವಿಷ

ಫೆಬ್ರವರಿ, ಮಾರ್ಚ್‌ನಲ್ಲಿ ಮಾವಿನ ಹೂವಿಗೆ ಜಿಗಿಹುಳುವಿನ ಔಷಧಿ, ಟೊಮೆಟೊಗೆ ಕಾಯಿಕೊರಕದ ಔಷಧಿ ಹೊಡೆಯುತ್ತಾರೆ. ಕಾಯಿಕೊರಕ ಒಂದು ಚಿಟ್ಟೆಯ ಮರಿ. ರೇಷ್ಮೆ ಹುಳುವೂ ಚಿಟ್ಟೆಯ ಮರಿಯೇ. ಒಂದನ್ನು ಕೊಲ್ಲಲೆಂದೇ ಮಾಡಿದ ಔಷಧಿ ಇನ್ನೊಂದನ್ನು ಬಿಡುವುದಿಲ್ಲ. ಟೊಮೆಟೊಗೆ ಬಳಸುವ ಕ್ಲೋರಾಂಟ್ರಾನಿಲಿಪ್ರೋಲ್ ರೇಷ್ಮೆ ಹುಳುವಿಗೆ ಬಹಳ ಅಲ್ಪ ಪ್ರಮಾಣದಲ್ಲೂ ಮಾರಕ. ಗಾಳಿಯಲ್ಲಿ ತೇಲುವ ಸಣ್ಣ ಹನಿಗಳಿಗೆ ಬೇಲಿ ಲೆಕ್ಕಕ್ಕಿಲ್ಲ.

ವಿಷದ ಸೊಪ್ಪು ತಿಂದ ಹುಳು ತಲೆ ಕೊಡವುತ್ತದೆ, ಹಸಿರು ನೀರು ಕಕ್ಕುತ್ತದೆ, ಮೈ ಕುಗ್ಗುತ್ತದೆ. ಇನ್ನು ಕೆಲವು ಔಷಧಿಗಳು ಹುಳುವಿನ ಬೆಳವಣಿಗೆಯ ಹಾರ್ಮೋನನ್ನೇ ಕೆಡಿಸುತ್ತವೆ. ಆಗ ಹುಳು ಸಾಯದೆ, ಸೊಪ್ಪು ತಿನ್ನುತ್ತಲೇ ಇದ್ದು, ಗೂಡು ಮಾತ್ರ ಕಟ್ಟುವುದಿಲ್ಲ. ನೋಡಿದವರಿಗೆ ‘ಮಾಟ’ ಎನಿಸುವುದು ಇಂಥ ಕಡೆಯೇ. ಸೊಪ್ಪು ತೊಳೆದರೆ ಸಾಲದು, ಏಕೆಂದರೆ ಹಲವು ಔಷಧಿಗಳು ಎಲೆಯ ಒಳಗೂ ಇಳಿಯುತ್ತವೆ. ಹೊಗೆಸೊಪ್ಪು, ಸೊಳ್ಳೆ ಬತ್ತಿಯ ಹೊಗೆ ಕೂಡ ಹುಳುವಿಗೆ ವಿಷವೇ. ಈ ವಿಷಯದಲ್ಲಿ ಹಿರಿಯರ ಎಚ್ಚರಿಕೆ ಸರಿಯಾಗಿದೆ.

ಹಾಗಾದರೆ ಬೇಸಿಗೆಯಲ್ಲಿ ಏನು ಮಾಡಬೇಕು?

• ಬೆಳೆ ಮುಗಿದ ಕೂಡಲೇ ಹುಳುಮನೆ, ತಟ್ಟೆ, ಚಂದ್ರಿಕೆ ತೊಳೆದು, ಶೇ. 0.3ರ ಸುಣ್ಣದ ನೀರಿನಲ್ಲಿ ಶೇ. 2ರಷ್ಟು ಬ್ಲೀಚಿಂಗ್ ಪೌಡರ್ ಬೆರೆಸಿ ಸಿಂಪಡಿಸಿ. ಮೂಗು, ಬಾಯಿಗೆ ಬಟ್ಟೆ ಕಟ್ಟಿಕೊಳ್ಳಿ.

• ಬಾಗಿಲಲ್ಲಿ ಅದೇ ದ್ರಾವಣದಲ್ಲಿ ನೆನೆಸಿದ ಗೋಣಿಚೀಲ ಹಾಸಿ. ಚಪ್ಪಲಿ ಹೊರಗೇ ಬಿಡಿ.

• ದೊಡ್ಡ ಹುಳುವಿಗೆ 24–25 ಡಿಗ್ರಿ ಹಿತ. ಏಪ್ರಿಲ್ ಬಿಸಿಲಿನಲ್ಲಿ ಚಾವಣಿಯ ಮೇಲೆ ತೆಂಗಿನ ಗರಿ, ಕಿಟಕಿಗೆ ಒದ್ದೆ ಗೋಣಿಚೀಲ, ಗಾಳಿಯಾಡಲು ಜಾಗ ಬೇಕು. ಸೊಪ್ಪನ್ನು ಬೆಳಗಿನ, ಸಂಜೆಯ ತಂಪಿನಲ್ಲೇ ಕೊಯ್ಯಿರಿ.

• ಹೊಸ ಕಡೆಯ ಸೊಪ್ಪನ್ನು ಮೊದಲು ನಾಲ್ಕಾರು ಹುಳುವಿಗೆ ಹಾಕಿ ಒಂದು ದಿನ ಕಾಯಿರಿ. ಅವು ಗಟ್ಟಿಯಾಗಿದ್ದರಷ್ಟೇ ಉಳಿದವಕ್ಕೆ ಹಾಕಿ. ಆದರೆ ಗೂಡು ಕಟ್ಟದಂತೆ ಮಾಡುವ ಔಷಧಿಯನ್ನು ಈ ಪರೀಕ್ಷೆ ಹಿಡಿಯುವುದಿಲ್ಲ. ಅದಕ್ಕೆ ಪಕ್ಕದವರನ್ನು ಕೇಳುವುದೇ ದಾರಿ.

• ಅನುಮಾನ ಬಂದರೆ ಸತ್ತ ಹುಳು, ಸೊಪ್ಪು ಎರಡನ್ನೂ ಹತ್ತಿರದ ರೇಷ್ಮೆ ತಾಂತ್ರಿಕ ಸೇವಾ ಕೇಂದ್ರಕ್ಕೆ ತೋರಿಸಿ.

ಹುಳುವಿನ ರೋಗವನ್ನು ಹೀಗೆ ಹುಡುಕಿ ನೋಡುವ ದಾರಿ ಹೊಸದಲ್ಲ. 1865ರಲ್ಲಿ ಫ್ರಾನ್ಸ್‌ನ ರೇಷ್ಮೆ ಬೆಳೆ ನೆಲಕಚ್ಚಿದ್ದಾಗ ಲೂಯಿ ಪಾಶ್ಚರ್ ಅದರ ಅಧ್ಯಯನಕ್ಕೆ ಇಳಿದರು. ಪೆಬ್ರಿನ್ ರೋಗ ತಾಯಿಯಿಂದ ಮೊಟ್ಟೆಗೆ ದಾಟುತ್ತದೆ, ಹಾಗಾಗಿ ಮೊಟ್ಟೆ ಇಟ್ಟ ಚಿಟ್ಟೆಯನ್ನು ಅರೆದು ಸೂಕ್ಷ್ಮದರ್ಶಕದಲ್ಲಿ ನೋಡಬೇಕು ಎಂದು ತೋರಿಸಿದರು. ಇಂದು ನಮ್ಮ ರೈತರು ತರುವ ರೋಗಮುಕ್ತ ಮೊಟ್ಟೆಗಳು ಅದೇ ಪರೀಕ್ಷೆ ದಾಟಿ ಬರುತ್ತವೆ.

ಹಾಗಾಗಿ ಈ ಯುಗಾದಿಗೆ ‘ದೃಷ್ಟಿ’ಯ ಸಂದೇಶ ಬಂದರೆ ಮುಂದಕ್ಕೆ ಕಳಿಸಬೇಡಿ. ಅದರ ಬದಲು ಇದನ್ನು ಕಳಿಸಿ: ‘ಅಣ್ಣಾ, ನಿಮ್ಮ ತೋಟಕ್ಕೆ ಔಷಧಿ ಹೊಡೆಯುವ ಮೊದಲು ಒಂದು ಮಾತು ಹೇಳಿ. ನಮ್ಮ ಮನೆಯಲ್ಲಿ ಹುಳು ಇದೆ.’